ದೇಶಗಳನ್ನು ಬೈಯುತ್ತಿದ್ದ ಸಿದ್ದೇಗೌಡರು

ನಮ್ಮ ಕೊತ್ತತ್ತಿಯ ಸಿದ್ದೇಗೌಡರು ಎಂಥ ದೊಡ್ಡ ದೇಶವನ್ನೂ ಏಕವಚನದಲ್ಲೇ ಬೈಯುತ್ತಿದ್ದರು. ಹೆಲ್ತ್ ಇನ್ಸ್‌ಪೆಕ್ಟರಾಗಿ ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲೆಲ್ಲ ಸೊಳ್ಳೆ ಮದ್ದು ಹೊಡೆಸಿ ನಿವೃತ್ತರಾದವರು. ಹೋಟೆಲಿನ ಟಿವಿಯಲ್ಲಿ ಅಮೆರಿಕ, ಚೀನಾ ಎಂದರೆ ಸಾಕು, ಟೀ ಲೋಟ ಕುಟ್ಟಿ ಶುರುಮಾಡುವರು: "ನಾಲೆ ನೀರಿಗೆ ಒಡ್ದಾಡೋ ದಾಯಾದಿಗಳು ಕಣ್ಲಾ ಇವು. ಮನೆಗೆ ಬೆಂಕಿ ಬಿದ್ರೂ ತೂಬು ಯಾರ್ದು ಅಂತ ಕಿತ್ತಾಡ್ತವೆ."

ಕೊರೊನಾ ಬಂದಾಗ ಅವರ ಬಾಯಿಗೆ ಹಬ್ಬ. ರೋಗ ನಿನ್ನದೆಂದು ಒಂದು ದೇಶ, ನಿನ್ನದೇ ಎಂದು ಇನ್ನೊಂದು. ಲಸಿಕೆ ಹಂಚಿಕೊಳ್ಳಲು ಸಭೆಯ ಮೇಲೆ ಸಭೆ. "ಮಾಸ್ಕ್ ಆಕವ್ರೆ ಅಂದ್ಮಾತ್ರಕ್ಕೆ ಬಾಯ್ ಮುಚ್ಚವ್ರೆ ಅನ್ಕಂಡ್ಯಾ?"

ನಗುವ ಯೋಗ್ಯತೆ ನಮಗೂ ಇರಲಿಲ್ಲ. ಪಕ್ಕದೂರಿನವರು ಬಾರದಂತೆ ರಸ್ತೆಗೆ ಮುಳ್ಳುಬೇಲಿ ಹಾಕಿದ್ದೆವು. ಊರ ಮುಖಂಡ ಪುಟ್ಟರಾಜು ಚೀನಾದ ಟಿವಿಯೊಂದನ್ನು ಬಸ್‌ಸ್ಟಾಂಡಿನಲ್ಲಿ ಒಡೆದು ಘೋಷಣೆ ಕೂಗಿಸಿದ್ದ. ಒಡೆದದ್ದು ಮೊದಲೇ ಕೆಟ್ಟಿದ್ದ ಟಿವಿ ಎಂಬುದು ಬೇರೆ ಮಾತು.

ಎರಡನೇ ಅಲೆಯಲ್ಲಿ ಪುಟ್ಟರಾಜುವಿನ ತಾಯಿ ನಿಂಗಮ್ಮನಿಗೇ ಉಸಿರು ಕಟ್ಟಿತು. ಮಂಡ್ಯದ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗಲಿಲ್ಲ. ಸಿದ್ದೇಗೌಡರು ಪರಿಚಯದವರಿಗೆಲ್ಲ ಫೋನು ಮಾಡಿ, ಅರ್ಧ ಜನರನ್ನು ಬೈದು, ಅರ್ಧ ಜನರಿಗೆ ಕೈಮುಗಿದು, ಸೋಮನಹಳ್ಳಿಯ ಕಾರ್ಖಾನೆಯವರೊಬ್ಬರಿಂದ, ಸುತ್ತಲಿನ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಯಂತ್ರ ಹೊಂದಿಸಿದರು. ಬೇಲಿ ಕಿತ್ತು ಊರೊಳಗೆ ತಂದರೆ, ಯಂತ್ರದ ಮೈತುಂಬ ಚೀನಾ ಅಕ್ಷರ! ಪುಟ್ಟರಾಜು ಮನೆ ಬಾಗಿಲಲ್ಲೇ ಅಡ್ಡ ನಿಂತ.

"ಜನ ಏನಂದಾರು ಗೌಡ್ರೇ? ಬ್ಯಾರೆ ದೇಸದ್ದು ಸಿಕ್ಕಾಕಿಲ್ವಾ?"

"ಸಿಗ್ತದೆ. ಅಲ್ಲೀಗಂಟ ಉಸ್ರು ಬಿಗಿಯಿಡ್ಕೊಳಕ್ಕೆ ನಿಮ್ಮವ್ವಂಗೇಳು."

ಪುಟ್ಟರಾಜು ಒಳಗೋಡಿ, ಮನೆದೇವರ ಸ್ಟಿಕ್ಕರ್ ತಂದು ಆ ಅಕ್ಷರಗಳ ಮೇಲೆ ಅಂಟಿಸಿದ. ಈಗ ಯಂತ್ರ ಒಳಗೆ ಹೋಯಿತು. ನಿಂಗಮ್ಮ ಏದುಸಿರಲ್ಲೇ ಕೇಳಿದಳು, "ಇದ್ಯಾವೂರ್ದಪ್ಪಾ?"

"ಮಿಸಿನ್ನು ಅವ್ರುದು, ಗಾಳಿ ನಮ್ಮೂರ್ದೇ ಕಣವ್ವ. ಎಳ್ಕೊ" ಎಂದರು ಸಿದ್ದೇಗೌಡರು.

ಅಜ್ಜಿ ಉಳಿದಳು. ಮನೆದೇವರೇ ಕಾಪಾಡಿತೆಂದು ಪುಟ್ಟರಾಜು ಊರೂಟ ಹಾಕಿಸಿದ. ಸಿದ್ದೇಗೌಡರು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು.

ನಾಲ್ಕು ವರ್ಷದ ಮೇಲೆ ಸಿದ್ದೇಗೌಡರಿಗೇ ಎದೆನೋವು ಬಂದು ಮಂಡ್ಯದ ಆಸ್ಪತ್ರೆ ಸೇರಿದಾಗ ನೋಡಲು ಹೋಗಿದ್ದೆ. ಮುಂದಿನ ಮಹಾಮಾರಿಯನ್ನು ದೇಶಗಳೆಲ್ಲ ಒಟ್ಟಾಗಿ ಎದುರಿಸುವ ಒಪ್ಪಂದದ ಸುದ್ದಿ ಓದಿ ಹೇಳಿದೆ.

"ಯಾರ್ ಬುಟ್ಟೋದ್ರು ಅದ್ನೇಳ್ಲಾ ಮೊದ್ಲು."

ಅಮೆರಿಕ ಎಂದೆ. ಕೆಮ್ಮು ಬರುವಷ್ಟು ನಕ್ಕರು. "ಪೇಪರ್ ಮಡಗು ಅತ್ಲಾಗೆ. ನಿಂಗಮ್ಮ ಎಂಗವ್ಳೆ?"

"ಸೊಸೇನ ಬಯ್ತಾ ಅವ್ಳೆ ದೊಡ್ಡಪ್ಪ. ಬೀದಿಗೆಲ್ಲ ಕೇಳ್ತದೆ."

"ಅಂಗಾರೆ ಉಸ್ರು ಸರ್ಯಾಗದೆ ಬುಡು" ಎಂದು ಕಣ್ಣು ಮುಚ್ಚಿ ಮಲಗಿದರು. ಅವರೊಂದಿಗೆ ನನ್ನ ಕೊನೆಯ ಮಾತು ಅದೇ.