ಅಕ್ಕ ಕಂಡ ಮೊಲ, ಮುಟ್ಟಿದ ಕಲ್ಲುಹೂವು

ನನ್ನ ಅಕ್ಕ ನರಸಿಂಹರಾಜಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ನಿವೃತ್ತಿಯ ಹೊತ್ತಿಗೆ ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾಗಿತ್ತು. ಮದುವೆಯಾಗದೆ ಒಬ್ಬಳೇ ಇದ್ದವಳನ್ನು ಭಂಡಿಗಡಿಯ ನಮ್ಮ ಮನೆಗೆ ಕರೆತಂದೆ. ಸಂಜೆ ಇಬ್ಬರೂ ಮನೆಯ ಹಿಂದಿನ ಹುಲ್ಲುಗುಡ್ಡ ಹತ್ತುತ್ತಿದ್ದೆವು. ಕೈ ಹಿಡಿಯಲು ಹೋದರೆ ಕೊಡವಿಬಿಡುತ್ತಿದ್ದಳು.

ಒಂದು ಸಂಜೆ ಅವಳು ತಟ್ಟನೆ ನಿಂತಳು. “ಶ್! ಮೊಲ ಕೂತಿದೆ ಅಲ್ಲಿ.”

ಅವಳು ತೋರಿಸಿದಲ್ಲಿ ಬಂಡೆಯೊಂದಿತ್ತು. ಅದರ ಮೈತುಂಬ ಬೂದುಬಣ್ಣದ ಕಲ್ಲುಹೂವು ಹಬ್ಬಿತ್ತು.

“ಅದು ಕಲ್ಲುಹೂವು, ಅಕ್ಕ.”

ಅಕ್ಕ ನಕ್ಕಳು. “ಬಣ್ಣ ಒಂದೇ ಅಲ್ವೇನೆ, ಮೋಸ ಹೋದೆ. ಎರಡಕ್ಕೂ ಅಡಗೋಕೆ ಬಿಲ ಇಲ್ಲ, ನೋಡು. ಕಾಡುಮೊಲಕ್ಕೆ ಓಟ ಇದೆ, ಆಯುಷ್ಯ ಇಲ್ಲ. ಕಲ್ಲುಹೂವಿಗೆ ಆಯುಷ್ಯ ಇದೆ, ಗಾಳಿ ಕೆಟ್ಟರೆ ಸಾಯ್ತದೆ, ಎದ್ದು ಹೋಗೋಕಾಗಲ್ಲ.” ತರಗತಿಯಲ್ಲಿ ಪಾಠ ಮಾಡಿದಂತೆಯೇ ಹೇಳಿದಳು.

ಮಳೆಗಾಲ ಮುಗಿದ ಮೇಲೆ ಹುಲ್ಲು ಹೊಡೆಸುತ್ತಿದ್ದೆವು. ಮೆಷಿನಿನ ಸದ್ದು ನಿಂತಿತು. ಕೆಲಸಕ್ಕೆ ಬಂದಿದ್ದವನು ಎರಡೂ ಕೈಯಲ್ಲಿ ಏನನ್ನೋ ಹಿಡಿದು ಅಂಗಳಕ್ಕೆ ಬಂದ. ಮೊಲದ ಮರಿ. ಸತ್ತಿತ್ತು.

“ಓಡ್ಲೇ ಇಲ್ಲ ಅಮ್ಮ, ಹುಲ್ಲಲ್ಲಿ ಹಾಗೇ ಕೂತಿತ್ತು. ನಂಗೆ ಕಾಣ್ಲಿಲ್ಲ.”

ಅಕ್ಕ ಅದನ್ನು ಕೇಳಿ ಪಡೆದು ಮಡಿಲಲ್ಲಿಟ್ಟುಕೊಂಡಳು. ಕಿವಿ, ಬೆನ್ನು, ಪಾದಗಳನ್ನು ಬೆರಳಿನಿಂದ ಸವರಿದಳು.

“ಕಣ್ಣು ತೆರೆದಿದೆಯಾ?”

“ತೆರೆದಿದೆ.”

“ಇವು ಕಣ್ಣು ಬಿಟ್ಕೊಂಡೇ ಹುಟ್ತವೆ ಮಾರಾಯ್ತಿ,” ಎಂದು ಸೆರಗಿನಿಂದ ಅದರ ಮುಖ ಒರೆಸಿದಳು.

ಮರುವಾರ ಕೊಪ್ಪದ ಕಣ್ಣಿನ ಡಾಕ್ಟರು ಇನ್ನು ಮಾಡುವಂಥದ್ದು ಏನೂ ಉಳಿದಿಲ್ಲ ಎಂದರು. ಬಸ್ಸಿನಲ್ಲಿ ನನಗೆ ಅಳು ಬಂತು. ಅವಳು ಅಳಲಿಲ್ಲ. ಊರಲ್ಲಿ ಇಳಿದವಳೇ, “ಆ ಬಂಡೆ ಹತ್ರ ಕರ್ಕೊಂಡು ಹೋಗು,” ಎಂದಳು.

ಬಂಡೆಯ ಪಕ್ಕ ಕೂತು ಕಲ್ಲುಹೂವಿನ ಒರಟು ಅಂಚನ್ನು ಬಹಳ ಹೊತ್ತು ಮುಟ್ಟುತ್ತಿದ್ದಳು. “ಇದನ್ನು ಯಾವಾಗ ಬೇಕಾದ್ರೂ ಬಂದು ಮುಟ್ಟಬಹುದು. ಕಾಡುಮೊಲ ಹಾಗಲ್ಲ. ಬದುಕಿರೋದನ್ನ ಕಣ್ಣಲ್ಲೇ ನೋಡ್ಬೇಕು. ಕೈಗೆ ಸಿಗೋದು ಸತ್ತ ಮೇಲೇ.”

ಕತ್ತಲಾಗುವ ಮೊದಲು ಎದ್ದೆವು. ಇಳಿಜಾರಿನಲ್ಲಿ ಅಕ್ಕ ತಾನಾಗಿಯೇ ನನ್ನ ಹೆಗಲು ಹುಡುಕಿ ಹಿಡಿದುಕೊಂಡಳು.