ಒಂಬತ್ತನೆಯ ಸಾಲು

ಭಾನುವಾರ ಬಂತೆಂದರೆ ಅಪ್ಪನಿಗೆ ಹಳೇ ದೇವಸ್ಥಾನಗಳ ಹುಚ್ಚು. ದೊಡ್ಡಬಳ್ಳಾಪುರದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರಾಗಿದ್ದ ಅವರು ಸುತ್ತಲ ಹಳ್ಳಿಗಳ ಗುಡಿಗೆ ಹೋಗುತ್ತಿದ್ದದ್ದು ಕೈಮುಗಿಯುವುದಕ್ಕಲ್ಲ, ಶಾಸನದ ಕಲ್ಲು ಓದುವುದಕ್ಕೆ. "ಊರ ಕಲ್ಲೆಲ್ಲ ಓದ್ತಾರೆ, ರೇಷನ್ ಕಾರ್ಡ್ ಮಾತ್ರ ಓದಲ್ಲ" ಅಂತ ಅಮ್ಮ ಚುಚ್ಚುತ್ತಿದ್ದಳು. ಜೊತೆಗೆ ಹೋಗುತ್ತಿದ್ದವಳು ನಾನು. ಸವೆದ ಅಕ್ಷರಗಳ ಮೇಲೆ ಓರೆಯಾಗಿ ಬಿಸಿಲು ಬೀಳುವಂತೆ ಕನ್ನಡಿ ಹಿಡಿಯುವುದು ನನ್ನ ಕೆಲಸ. ಕೈ ನಡುಗಿದರೆ ಬೈಗುಳ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಅಪ್ಪನ ಕಣ್ಣು ಹೋಗುತ್ತಿತ್ತು. ನರ ಒಣಗುತ್ತಿದೆ, ಆಪರೇಷನ್ ಮಾಡಿ ಫಲವಿಲ್ಲ ಎಂದಿದ್ದರು ಬೆಂಗಳೂರಿನ ಡಾಕ್ಟರು. ಅಂಥದ್ದರಲ್ಲಿ ನಮ್ಮ ತಾಲ್ಲೂಕಿನ ಮಧುರೆ ಹತ್ತಿರದ ಹಳ್ಳಿಯೊಂದರಲ್ಲಿ, ಈಶ್ವರನ ಗುಡಿಯ ಹಿಂದಿನ ನೀರಿನ ಕುಂಟೆಯ ದಡದಲ್ಲಿ, ಯಾರೂ ಓದಿರದ ಶಾಸನ ಸಿಕ್ಕಿತು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು.

ಒಟ್ಟು ಹದಿನಾಲ್ಕು ಸಾಲು. ಎಂಟನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಷ್ಟರಲ್ಲಿ ಬಿಸಿಲು ಹೋಯಿತು. ಏಳು ಸಾಲು ಬರೀ ರಾಜನ ಬಿರುದು. ಎಂಟನೆಯದರಲ್ಲಿ, ಗುಡಿಯ ದೀಪಕ್ಕೆಂದು ಒಬ್ಬ ಹೆಂಗಸು ಗದ್ದೆ ಬಿಟ್ಟಳು ಎಂದಿತ್ತು. ಅವಳ ಹೆಸರು ಮುಂದಿನ ಸಾಲಿನಲ್ಲಿರಬೇಕು.

"ರಾಜನ ಹೆಸರು ನೂರು ಕಲ್ಲಲ್ಲಿದೆ ಕಣಮ್ಮ, ಇವಳದ್ದು ಇದೊಂದ್ರಲ್ಲೇ. ಕಣ್ಣಿರೋವಾಗ್ಲೇ ಓದ್ಬಿಡ್ಬೇಕು," ಎಂದರು ಅಪ್ಪ.

ನಾವು ಹೊರಡುತ್ತಿದ್ದಂತೆ ಒಬ್ಬಾಕೆ ಮತ್ತೆ ಬಟ್ಟೆ ತಂದು ಅದರ ಮೇಲೆ ಹಾಕಿದಳು. ನನಗೆ ಮೈಯೆಲ್ಲ ಉರಿಯಿತು. ಊರಿನ ಯಜಮಾನರ ಎದುರಿಗೇ ಅಂದುಬಿಟ್ಟೆ: "ಇದು ದೇವರಿಗೆ ಸಮ. ಇದ್ರ ಮೇಲೆ ಒಗೆದ್ರೆ ಊರಿಗೆ ಒಳ್ಳೇದಾಗಲ್ಲ." ಅವರು ಕೆನ್ನೆ ಬಡಿದುಕೊಂಡರು. ಬಸ್ಸಿನಲ್ಲಿ ಅಪ್ಪ ನಕ್ಕರು, ನನಗೆ ಹೆಮ್ಮೆಯೋ ಹೆಮ್ಮೆ.

ಮುಂದಿನ ಭಾನುವಾರವೇ ಹೋಗಬೇಕಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯಲಿ ಎಂದವಳೂ ನಾನೇ. ಹೋಗುವಷ್ಟರಲ್ಲಿ ಮೂರು ತಿಂಗಳಾಗಿತ್ತು. ಅಪ್ಪ ನನ್ನ ಭುಜ ಹಿಡಿದು ನಡೆಯುತ್ತಿದ್ದರು.

ಕುಂಟೆಯ ದಡದಲ್ಲಿ ಕಲ್ಲಿರಲಿಲ್ಲ. ಗುಡಿಯ ಬಾಗಿಲ ಪಕ್ಕ ಕಟ್ಟೆ ಕಟ್ಟಿ ನಿಲ್ಲಿಸಿದ್ದರು. ಮೈಗೆ ಹಸಿರು ಪೇಂಟು, ಮೇಲೆ ಅರಿಶಿನ ಕುಂಕುಮ, ಎರಡು ಬೆಳ್ಳಿ ಕಣ್ಣು. ಕೆಳಗಿನ ಭಾಗ ಸಿಮೆಂಟಿನೊಳಗೆ ಹೂತಿತ್ತು.

"ನಿಮ್ಮ ಮಗಳು ಹೇಳಿದ್ಮೇಲೆ ಸುಮ್ನೆ ಇರೋಕಾಗ್ತದಾ ಮೇಷ್ಟ್ರೇ? ಊರೋರೆಲ್ಲ ಸೇರಿ ನಿಲ್ಸಿದ್ವಿ. ಇನ್ನು ಅಲ್ಲಾಡಲ್ಲ," ಎಂದರು ಯಜಮಾನರು, ಸಂತೋಷವಾಗಿ. ಯಾರ ಮೇಲೆ ಸಿಟ್ಟಾಗಲಿ? ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನನಗೆ ಅಲ್ಲಿ ಬಂತು.

"ಕನ್ನಡಿ ಹಿಡಿ," ಎಂದರು ಅಪ್ಪ. ಅವರಿಗೆ ಎಷ್ಟು ಕಾಣಿಸುತ್ತಿತ್ತೋ ತಿಳಿಯದು. ಹಿಡಿದೆ. ಪೇಂಟಿನ ಕೆಳಗಿನ ಅಕ್ಷರಗಳನ್ನು ಬೆರಳಿನಿಂದ ತಡವುತ್ತಾ, ಸಾಲು ಎಣಿಸುತ್ತಾ ಕೆಳಗಿಳಿದರು. ಆರು, ಏಳು, ಎಂಟು. ಆಮೇಲೆ ಬೆರಳಿಗೆ ಸಿಮೆಂಟು ಸಿಕ್ಕಿತು. ಅಲ್ಲೇ ಎರಡು ಸಲ ಆಚೀಚೆ ಆಡಿಸಿದರು.

"ಒಡೆದು ತೆಗೆಯೋಕೆ ಕೇಳೋಣ ಅಪ್ಪ," ಎಂದೆ ಮೆಲ್ಲಗೆ.

"ಪೂಜೆಗೆ ಕೂತ ಕಲ್ಲನ್ನ ಯಾರಮ್ಮ ಅಲ್ಲಾಡಿಸ್ತಾರೆ?"

ಪೂಜಾರಿ ಮಂಗಳಾರತಿ ತಂದ. ಮೊದಲ ಮರ್ಯಾದೆ ಅಪ್ಪನಿಗೇ. ಊರೆಲ್ಲ ನೋಡುತ್ತಿತ್ತು. ಯಾವ ಗುಡಿಯಲ್ಲೂ ಕೈಮುಗಿಯದಿದ್ದ ಅಪ್ಪ ಆ ಹಸಿರು ಕಲ್ಲಿಗೆ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ನೋಟ್‌ಬುಕ್ಕಲ್ಲಿ ಎಂಟರ ಕೆಳಗೆ ಗೆರೆ ಎಳೆದ್ಬಿಡಮ್ಮ," ಎಂದರು.

ಎಳೆದೆ.