ಆಯಿತು ಎಂದ ಡಿಸ್ಕು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ದೇವನಹಳ್ಳಿ ರಸ್ತೆಯ ಸಂಶೋಧನಾ ಕೇಂದ್ರವೊಂದರಲ್ಲಿ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಮಾಹಿತಿ ಕೂಡಿಡುವ ಡಿಸ್ಕಿಗೆ ಅಪ್ಪಣೆ ಕೊಡುವ ಪ್ರೋಗ್ರಾಮು ಬರೆಯುವುದು ನನ್ನ ಪಾಲಿನ ಕೆಲಸ. ಅದಕ್ಕೆ ಡ್ರೈವರ್ ಎನ್ನುತ್ತಿದ್ದೆವು. ದೊಡ್ಡಬಳ್ಳಾಪುರದಲ್ಲಿ ನಮ್ಮ ಅತ್ತೆ, ಸೊಸೆ ಜೀಪು ಓಡಿಸುತ್ತಾಳೆ ಎಂದೇ ಬಹಳ ದಿನ ನಂಬಿದ್ದರು.

ಸಾಸಲು ಎಂಬ ಹಳ್ಳಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಕೇಂದ್ರದ ಪರವಾಗಿ ಎರಡು ವರ್ಷ, ವಾರವಾರ, ಸುತ್ತಲಿನ ಬಾವಿಗಳಿಗೆ ಗಂಟು ಹಾಕಿದ ಹಗ್ಗ ಇಳಿಸಿ ನೀರಿನ ಆಳ ಬರೆದುಕೊಂಡವರು. ಹಾಳೆಗಳನ್ನು ತಾವೇ ಬಸ್ಸಿನಲ್ಲಿ ತಂದುಕೊಡುತ್ತಿದ್ದರು. ಅವುಗಳಲ್ಲಿನ ಅಂಕಿಗಳನ್ನು ಕಾರ್ಡುಗಳಲ್ಲಿ ರಂಧ್ರಗಳಾಗಿ ಹೊಡೆದು ಡಿಸ್ಕಿಗೆ ಸೇರಿಸುತ್ತಿದ್ದೆವು.

ಹಳೆಯ ಡಿಸ್ಕು ಕೆಟ್ಟು, ಬೇರೆ ತಯಾರಕರದೊಂದು ಬಂತು. ಕೂರಿಸಲು ಬಂದವರು, "ಎರಡೂ ಒಂದೇ ಅಪ್ಪಣೆ ಕೇಳ್ತವೆ, ನಿಮ್ಮ ಪ್ರೋಗ್ರಾಮು ಮುಟ್ಟಬೇಡಿ" ಎಂದರು. ಒಂದೆರಡು ಸಾಲು ಬರೆದು ನೋಡಿದೆ, ಓದಿ ನೋಡಿದೆ, ಸರಿಯಿತ್ತು. ಮೇಷ್ಟ್ರ ಕಾರ್ಡುಗಳನ್ನೆಲ್ಲ ಹೊಸ ಡಿಸ್ಕಿಗೆ ಮತ್ತೆ ಸೇರಿಸಿ, ಆ ಕಾರ್ಡುಗಳನ್ನು ರದ್ದಿಗೆ ಕಳಿಸುವ ಕಾಗದಕ್ಕೆ ನಾನೇ ಸಹಿ ಹಾಕಿದೆ. ಮೂಲ ಹಾಳೆಗಳು ಆಗಲೇ ಉಗ್ರಾಣದಲ್ಲಿ ಗೆದ್ದಲು ಹಿಡಿದು ಹೋಗಿದ್ದವು.

ಬಾವಿಗಳ ವರದಿ ತಯಾರಿಸುವಾಗ ಗೊತ್ತಾಯಿತು. ಸಾಸಲಿನ ಒಂದು ಅಂಕಿಯೂ ಓದಲಿಕ್ಕಾಗಲಿಲ್ಲ.

ಬರೆದ ಮೇಲೆ "ಬರೆದದ್ದು ಸರಿಯಿದೆಯೇ ನೋಡು" ಎಂಬ ಅಪ್ಪಣೆ ನನ್ನ ಡ್ರೈವರಿನಲ್ಲಿತ್ತು. ಹಳೆಯ ಡಿಸ್ಕು ನಿಜವಾಗಿ ನೋಡುತ್ತಿತ್ತು. ಹೊಸದಕ್ಕೆ ಆ ಅಪ್ಪಣೆಯೇ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಆಯಿತು ಎಂದು ಉತ್ತರಿಸುತ್ತಿತ್ತು. ಹಾಗಾಗಿ ಸಾಸಲಿನ ಅಂಕಿಗಳು ಡಿಸ್ಕಿನ ಕೆಟ್ಟ ಜಾಗದಲ್ಲಿ ಬಿದ್ದದ್ದು ನಮಗೆ ಗೊತ್ತೇ ಆಗಲಿಲ್ಲ. ಅದರ ಜೊತೆ ಬಂದ ಕೈಪಿಡಿಯಲ್ಲೂ ಈ ಮಾತಿರಲಿಲ್ಲ. ನೀನು ಯಾವ ಡಿಸ್ಕು ಎಂದು ಅದನ್ನೇ ಕೇಳುವ ದಾರಿಯೂ ಆಗ ಇರಲಿಲ್ಲ. ಬರೆದದ್ದನ್ನು ಪ್ರೋಗ್ರಾಮೇ ಮರಳಿ ಓದಿ ಹೋಲಿಸುವಂತೆ ತಿದ್ದಿದೆ. ಅರ್ಧ ದಿನದ ಕೆಲಸ. ಹೋದದ್ದು ಮಾತ್ರ ಬರಲಿಲ್ಲ.

"ಮೇಷ್ಟ್ರಿಗೆ ನೀವೇ ಹೋಗಿ ಹೇಳ್ಬಿಡಿ" ಎಂದರು ನಮ್ಮ ಮೇಲಧಿಕಾರಿ.

ಸಾಸಲಿಗೆ ಹೋದಾಗ ಮೇಷ್ಟ್ರು ಜಗಲಿಯ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಹೇಳಬೇಕಾದ್ದನ್ನೆಲ್ಲ ಹೇಳಿದೆ.

"ಎಲ್ಲಾನೂ ಹೋಯ್ತೇನಮ್ಮಾ?"

"ಎಲ್ಲಾ ಹೋಯ್ತು ಮೇಷ್ಟ್ರೇ."

"ಮತ್ತೆ ಅಳೀಬೋದು. ಆದ್ರೆ ಆ ಎರಡು ವರ್ಷದ ನೀರು ಈಗೆಲ್ಲಿ ಸಿಗ್ತದೆ?"

ಒಳಗಿಂದ ಮಜ್ಜಿಗೆ ತಂದ ಅವರ ಹೆಂಡತಿ ಕೇಳಿದರು. "ಮಿಷಿನ್ನೂ ಸುಳ್ಳು ಹೇಳ್ತದಾ?"

"ಸುಳ್ಳಲ್ಲಮ್ಮಾ. ನಾವು ಕೇಳಿದ್ದು ಅದಕ್ಕೆ ತಿಳೀಲಿಲ್ಲ. ತಿಳೀಲಿಲ್ಲ ಅಂತ ಹೇಳಕ್ಕೂ ಅದಕ್ಕೆ ಬರ್ತಿರ್ಲಿಲ್ಲ" ಎಂದೆ.

ಅವರಿಗೆ ಅರ್ಥವಾಯಿತೋ ಇಲ್ಲವೋ. ಮೇಷ್ಟ್ರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಕುಳಿತು ಕೇಳುತ್ತಿದ್ದೆ. ಬಸ್ಸು ಬರುವ ಹೊತ್ತಾಯಿತೆಂದು ಕುಂಟುತ್ತಾ ರಸ್ತೆಯವರೆಗೂ ಬಂದರು.

ವರದಿಯಲ್ಲಿ ಸಾಸಲಿನ ಎದುರು "ಮಾಹಿತಿ ಲಭ್ಯವಿಲ್ಲ" ಎಂದು ನಾನೇ ಟೈಪು ಮಾಡಿದೆ. ಅಚ್ಚಾದ ಮೇಲೆ ಅವರಿಗೊಂದು ಪ್ರತಿ ಅಂಚೆಯಲ್ಲಿ ಕಳಿಸಿದೆವು. ಉತ್ತರ ಬರಲಿಲ್ಲ.